ಹಾಯಿ ಮಡಚುವುದಕ್ಕೆ ಇಬ್ಬರು ಬೇಕು

ನಮ್ಮ ಬೆಟಗೇರಿ ಮನೆಯ ಹಿತ್ತಲಲ್ಲಿ ಬಟ್ಟೆ ಒಣಹಾಕಲು ಒಂದು ಹಗ್ಗ ಕಟ್ಟಿದೆ. ಬಿಳಿ ಹಗ್ಗ, ನಡುನಡುವೆ ನೀಲಿ ಎಳೆ. ಮೊನ್ನೆ ನನ್ನ ಹೆಂಡತಿ ಗಿರಿಜಾ ಅದನ್ನು ಬಿಚ್ಚಿ ಬಿಸಿಲು ಬೀಳುವ ಕಡೆ ಕಟ್ಟಿಕೊಡಿ ಎಂದಳು. ನುಗ್ಗೆ ಗಿಡದ ಕಡೆಯ ಗಂಟು ತಕ್ಷಣ ಬಿಚ್ಚಿತು. ಅದು ನಾನು ಹಾಕಿದ್ದು. ನಾನು ಹಾಕಿದ ಗಂಟುಗಳು ಕೈ ಹಚ್ಚುವ ಮೊದಲೇ ಬಿಚ್ಚಿಕೊಳ್ಳುವ ಸ್ವಭಾವದವು. ಗೋಡೆಯ ಕೊಂಡಿಗೆ ಹಾಕಿದ ಗಂಟು ಮಾತ್ರ ಮಳೆಗೆ ನೆನೆದು, ಬಿಸಿಲಿಗೆ ಬಿಗಿದು, ಕಲ್ಲಾಗಿ ಕೂತಿತ್ತು. ಉಗುರು ಮುರಿಯಿತು, ಸ್ಕ್ರೂ ಡ್ರೈವರ್ ತುದಿ ಬಾಗಿತು. ಕೊಯ್ದುಬಿಡಿ ಅಂದಳು ಗಿರಿಜಾ. ನಾನು ಕತ್ತರಿ ತರಲು ಒಳಗೆ ಹೋದವನು ಬೇರೇನೋ ಕೆಲಸ ನೆನಪಾದವನಂತೆ ಒಳಗೇ ಉಳಿದೆ.

ಆ ಗಂಟು ಹಾಕಿದವನು ಶಿವಪುತ್ರ. ಹಗ್ಗ ನಮ್ಮಿಬ್ಬರ ಹಾಯಿದೋಣಿಯದು; ದೋಣಿಗೆ ಹೊಸದು ಕೊಂಡ ವರ್ಷ ಹಳೆಯದನ್ನು ಇಬ್ಬರೂ ಸೇರಿ ಇಲ್ಲಿ ಕಟ್ಟಿದ್ದೆವು.

ಗದಗಿನವರಿಗೆ ಹಾಯಿದೋಣಿ ಎಲ್ಲಿಂದ ಬಂತು ಎಂದು ನೀವು ನಗಬಹುದು. ನಗಿ. ಇಲ್ಲಿ ಎಲ್ಲರೂ ನಕ್ಕವರೇ. ಆದರೆ ಸ್ವಲ್ಪ ಯೋಚಿಸಿ. ಗಾಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಆಷಾಢದಲ್ಲಿ ನಮ್ಮ ಸೀಮೆಯಲ್ಲಿ ಕೊಡೆ ಹಿಡಿದು ನಡೆಯುವವನು ಮಳೆಗಿಂತ ಕೊಡೆಯ ಜೊತೆಗೇ ಹೆಚ್ಚು ಬಡಿದಾಡುತ್ತಾನೆ. ಆ ಗಾಳಿಯನ್ನು ನಂಬಿಯೇ ಕಪ್ಪತಗುಡ್ಡದ ಸುತ್ತ ಗಾಳಿಯಂತ್ರಗಳು ನಿಂತಿವೆ. ನೀರಿನದ್ದಷ್ಟೇ ತಕರಾರು. ಅದೂ ಮುಂಡರಗಿಯಿಂದಾಚೆ ತುಂಗಭದ್ರೆಗೆ ಬ್ಯಾರೇಜು ಆದಮೇಲೆ ತೀರಿತು. ಮಳೆಗಾಲದಲ್ಲಿ ಅಲ್ಲಿ ನಿಂತ ಹಿನ್ನೀರು ನೋಡಿದರೆ ಇದು ನಮ್ಮ ಜಿಲ್ಲೆಯೇ ಎಂದು ಅನುಮಾನ ಬರುತ್ತದೆ.

ಶಿವಪುತ್ರ ಲಕ್ಷ್ಮೇಶ್ವರದವನು. ಅವರದು ಹಿಂದಿನಿಂದಲೂ ಹತ್ತಿ ವ್ಯಾಪಾರದ ಮನೆತನ. ಗದಗಿನ ಕಾಲೇಜಿನಲ್ಲಿ ನಾವಿಬ್ಬರೂ ವಾಣಿಜ್ಯ ಓದಿದೆವು. ಮುಂದೆ ವ್ಯಾಪಾರ ಮಾಡಿದವನು ಅವನು, ಅದರ ಪಾಠ ಹೇಳುತ್ತಾ ನಿವೃತ್ತನಾದವನು ನಾನು. ಓದುವ ಕಾಲದಲ್ಲಿ ಹಾಸ್ಟೆಲಿನ ಸಾರು ಸೇರದೆ ಅವನು ನಮ್ಮ ಮನೆಗೆ ಉಣ್ಣಲು ಬರುತ್ತಿದ್ದ. ನಮ್ಮದು ನೇಕಾರರ ಮನೆ. ಮನೆಯ ಹಿಂದಿನ ಶೆಡ್ಡಿನಲ್ಲಿ ಅಪ್ಪನ ಮಗ್ಗಗಳಿದ್ದವು. ಬೆಳಗಾದರೆ ಕಟಕ್ ಕಟಕ್ ಸದ್ದು. ಆ ಸದ್ದಿನಲ್ಲಿ ಹುಟ್ಟಿದ ನಮಗೆ ಅದು ಕೇಳಿಸುತ್ತಲೇ ಇರಲಿಲ್ಲ. ನಿಂತರೆ ಮಾತ್ರ ಏನಾಯಿತೆಂದು ತಲೆ ಎತ್ತುತ್ತಿದ್ದೆವು. ಮಗ್ಗದಿಂದ ಇಳಿಸಿದ ಸೀರೆಯನ್ನು ಅವ್ವ ಒಂದು ತುದಿ ಹಿಡಿದು, ಇನ್ನೊಂದು ತುದಿ ನನಗೆ ಕೊಟ್ಟು ಮಡಚುತ್ತಿದ್ದಳು. ಅಂಚಿಗೆ ಅಂಚು ಕೂಡಬೇಕು, ಸುಕ್ಕು ಬೀಳಬಾರದು. ತಪ್ಪಿದರೆ ಬೈಗುಳವಿಲ್ಲ, ಸುಮ್ಮನೆ ಬಿಚ್ಚಿ ಮತ್ತೆ ಮೊದಲಿನಿಂದ. ನಾನು ಮನೆಯಲ್ಲಿಲ್ಲದ ದಿನ ನಮ್ಮ ಮನೆಯಲ್ಲಿ ಉಣ್ಣುತ್ತಿದ್ದ ಯಾರೇ ಆಗಲಿ ಆ ತುದಿ ಹಿಡಿಯಬೇಕಾಗುತ್ತಿತ್ತು. ಶಿವಪುತ್ರನೂ ಹಿಡಿದಿದ್ದಾನೆ.

ವಯಸ್ಸು ಐವತ್ತರ ಆಸುಪಾಸಿನಲ್ಲಿದ್ದಾಗ ಅವನು ಒಂದು ಮದುವೆಗೆಂದು ಕಾರವಾರಕ್ಕೆ ಹೋದ. ಅಲ್ಲಿ ಯಾರದೋ ಮನೆಯ ಹಿಂದೆ, ತೆಂಗಿನ ಗರಿಗಳ ಕೆಳಗೆ ಈ ದೋಣಿ ಬೋರಲು ಬಿದ್ದಿತ್ತಂತೆ. ಮದುವೆ ಊಟ ಬಿಟ್ಟು ಅದರ ಸುತ್ತ ತಿರುಗಿದ್ದಾನೆ. ಮುಂದಿನ ವಾರ ಹತ್ತಿ ಇಳಿಸಿ ಬರುತ್ತಿದ್ದ ಲಾರಿಯಲ್ಲಿ ಅದು ಬಂತು. ಕಟ್ಟಿಗೆಯ ಚಿಕ್ಕ ದೋಣಿ, ಕಳಚಿ ಇಡಬಹುದಾದ ಒಂದು ಕಂಬ, ಒಂದು ಮುಕ್ಕೋನದ ಹಾಯಿ. ಅರ್ಧ ನಿನ್ನದು ಅಂದ. ಯಾಕೆ ಅಂತ ಕೇಳಿದೆ. ಅದಕ್ಕೆ ಇಬ್ಬರು ಬೇಕು: ಒಬ್ಬ ಹಾಯಿಯ ಹಗ್ಗ ಮತ್ತು ಚುಕ್ಕಾಣಿ ಹಿಡಿಯಬೇಕು, ಇನ್ನೊಬ್ಬ ದೋಣಿ ವಾಲಿದ ಕಡೆಯ ಎದುರು ಬದಿಯಲ್ಲಿ ಕೂತು ಭಾರ ಕೊಡಬೇಕು ಅಂದ. ನಾನು ಭಾರ. ಸಂಜೆ ಗಿರಿಜಾಳಿಗೆ ಇದನ್ನು ಹೇಳಿದಾಗ, ಅಂತೂ ನಿಮ್ಮ ಹೊಟ್ಟೆಯಿಂದ ಒಬ್ಬರಿಗಾದರೂ ಉಪಯೋಗವಾಯಿತಲ್ಲ ಅಂದಳು.

ಮೊದಲ ದಿನವೇ ಮುಳುಗಿದೆವು. ಮೊಣಕಾಲುದ್ದದ ನೀರಿನಲ್ಲಿ ಮುಳುಗಿದ್ದರಿಂದ ಬದುಕಿದೆವು. ದಂಡೆಯಲ್ಲಿ ಎಮ್ಮೆ ತೊಳೆಯುತ್ತಿದ್ದವರು ನಕ್ಕಿದ್ದರಿಂದ ಅರ್ಧ ಸತ್ತೆವು. ಹೊಳೆದಂಡೆಯ ಜನ ಹಾಯಿಯನ್ನು ಪರದೆಗೆ ಹೋಲಿಸಿ ಅದಕ್ಕೆ ‘ಪಡದಿ ದೋಣಿ’ ಎಂದು ಹೆಸರಿಟ್ಟರು. ನಿಧಾನವಾಗಿ ಕಲಿತೆವು. ಶಿವಪುತ್ರ ಕಲಿತ ಎನ್ನಬೇಕು. ಗಾಳಿ ಹಾಯಿಯಲ್ಲಿ ತುಂಬಿ, ದೋಣಿ ಒಂದು ಮಗ್ಗುಲಾಗಿ ನೀರು ಸೀಳಿಕೊಂಡು ಹೋಗುವಾಗ ಅವನು ಏನೂ ಮಾತಾಡುತ್ತಿರಲಿಲ್ಲ. ದಂಡೆಗೆ ಬಂದ ಮೇಲೂ ಸ್ವಲ್ಪ ಹೊತ್ತು ಮಾತಾಡುತ್ತಿರಲಿಲ್ಲ. ದಿನವಿಡೀ ಫೋನಿನಲ್ಲಿ ಕೂಗಾಡುವ ಹತ್ತಿ ವ್ಯಾಪಾರಿ ಸುಮ್ಮನಿರುವುದನ್ನು ನೋಡಲಿಕ್ಕೇ ನಾನು ಭಾರವಾಗಿ ಹೋಗುತ್ತಿದ್ದೆ ಅಂತ ಈಗ ಅನಿಸುತ್ತದೆ.

ದೀಪಾವಳಿ ಮುಗಿದ ಮೇಲೆ ಗಾಳಿ ಬೀಳುತ್ತದೆ. ಕಾಲುವೆಗೆ ನೀರು ಬಿಟ್ಟು ಹೊಳೆ ಹಿಂದೆ ಸರಿಯುತ್ತದೆ. ದೋಣಿಯನ್ನು ಅಲ್ಲೇ ಬಿಟ್ಟರೆ ಕೆಸರಿನಲ್ಲಿ ಕೂರುತ್ತದೆ. ಚಳಿಗಾಲದ ಇಬ್ಬನಿಗೆ ಕಟ್ಟಿಗೆ ಉಬ್ಬಿ, ಮಧ್ಯಾಹ್ನದ ಬಿಸಿಲಿಗೆ ಬಿರಿದು, ಬಣ್ಣ ಹಪ್ಪಳದಂತೆ ಏಳುತ್ತದೆ. ಅದಕ್ಕೇ ಪ್ರತಿ ವರ್ಷ ಆ ಹೊತ್ತಿಗೆ ಅದನ್ನು ಮೇಲೆತ್ತಿ, ಪಾಚಿ ಕೆರೆದು ತೊಳೆದು, ಒಣಗಿಸಿ, ಲಕ್ಷ್ಮೇಶ್ವರದ ಶಿವಪುತ್ರನ ಹತ್ತಿ ಗೋದಾಮಿನಲ್ಲಿ ಬೋರಲು ಹಾಕುತ್ತಿದ್ದೆವು. ದಂಡೆಯ ಹೊಲದ ಹುಲಿಗೆಪ್ಪ ತನ್ನ ಟ್ರ್ಯಾಕ್ಟರಿನ ಹಿಂದೆ ಹೇರಿಕೊಂಡು ಬರುತ್ತಿದ್ದ. ಮುಂಡರಗಿಯಿಂದ ಶಿರಹಟ್ಟಿ, ಅಲ್ಲಿಂದ ಮಾಗಡಿ. ಮಾಗಡಿಯ ಕೆರೆಗೆ ಆಗ ಪರದೇಶದ ಬಾತುಗಳು ಬಂದು ಇಳಿಯುತ್ತಿರುತ್ತವೆ. ಅಲ್ಲಿ ನಿಂತು ಒಂದು ಬೀಡಿ ಸೇದದೆ ಹುಲಿಗೆಪ್ಪ ಮುಂದೆ ಹೋಗುತ್ತಿರಲಿಲ್ಲ. ಯಳವತ್ತಿ ದಾಟಿ ಲಕ್ಷ್ಮೇಶ್ವರ ಮುಟ್ಟುವಷ್ಟರಲ್ಲಿ ಶಿವಪುತ್ರನ ಹೆಂಡತಿ ನಾಗರತ್ನಾ ಬಿಸಿ ರೊಟ್ಟಿ, ಎಣ್ಣೆಗಾಯಿ, ಗಟ್ಟಿ ಮೊಸರು ಮಾಡಿ ಕಾಯುತ್ತಿದ್ದರು. ಕೈಕಾಲಿಗೆ ಕೆಸರು ಮೆತ್ತಿಕೊಂಡು ಹೋದ ನಮ್ಮನ್ನು ಹಿತ್ತಲ ಬಾಗಿಲಿನಿಂದಲೇ ಒಳಗೆ ಬಿಡುತ್ತಿದ್ದರು. ಎಂದೂ ಮುಖ ಗಂಟಿಕ್ಕಿದವರಲ್ಲ.

ಈಗ ಅದೇ ಮನೆಯ ಮಾತು.

ನನ್ನ ಮಗಳು ಸ್ಮಿತಾ ಗದಗಿನಲ್ಲೇ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಶಿವಪುತ್ರನ ಮಗ ಮಹೇಶ ತಂದೆಯ ವ್ಯಾಪಾರ ನೋಡಿಕೊಳ್ಳುತ್ತಾನೆ. ಇವರಿಬ್ಬರಿಗೆ ಮದುವೆ ಮಾಡಿದರೆ ಹೇಗೆ ಎಂದು ಮೊದಲು ಹೇಳಿದವರು ಯಾರೆಂದು ಈಗ ನೆನಪಿಲ್ಲ. ನಡುನೀರಿನಲ್ಲಿ ನಮ್ಮಿಬ್ಬರಲ್ಲಿ ಒಬ್ಬರು ಹೇಳಿರಬೇಕು. ಇಬ್ಬರನ್ನೂ ಕೇಳಿದೆವು. ಇಬ್ಬರೂ ಹ್ಞೂಂ ಅಂದರು. ವೈಶಾಖದಲ್ಲಿ ನಿಶ್ಚಿತಾರ್ಥವಾಯಿತು. ನಾಗರತ್ನಾ ತಮ್ಮ ಇಡೀ ಬಳಗ ಕರೆದುಕೊಂಡು ಬಂದು ಸ್ಮಿತಾಳಿಗೆ ಉಡಿ ತುಂಬಿದರು. ಅಲ್ಲಿಯವರೆಗೆ ಶಿವಪುತ್ರನನ್ನು ‘ಕಾಕಾ’ ಎನ್ನುತ್ತಿದ್ದ ಹುಡುಗಿ, ನಾಲಿಗೆ ತಡವರಿಸುತ್ತಾ ‘ಮಾವ’ ಎನ್ನಲು ಶುರುಮಾಡಿದಳು.

ಶ್ರಾವಣದ ಒಂದು ಭಾನುವಾರ ನಾನು ದೋಣಿ ಬಿಟ್ಟು ಬಂದು ಕಾಲು ತೊಳೆಯುತ್ತಿದ್ದೆ. ಸ್ಮಿತಾ ಟವೆಲ್ ಕೊಡುತ್ತಾ, ತನಗೆ ಈ ಮದುವೆ ಬೇಡ ಎಂದಳು. ಹುಡುಗ ಕೆಟ್ಟವನೇ ಅಂತ ಕೇಳಿದೆ. ಅಲ್ಲ, ಒಳ್ಳೆಯವನು, ಆದರೆ ಇಬ್ಬರೂ ಕೂತರೆ ಮಾತಿಗೆ ಏನೂ ಸಿಗುವುದಿಲ್ಲ, ನಿಮ್ಮ ದೋಣಿಯ ಸುದ್ದಿ ಬಿಟ್ಟರೆ, ಅಂದಳು. ಮತ್ತೆ ಆವತ್ತು ಯಾಕೆ ಒಪ್ಪಿದೆ ಅಂದೆ.

“ನಿಮ್ಮಿಬ್ಬರ ದೋಸ್ತಿ ನೋಡಿ ಹ್ಞೂಂ ಅಂದೆ ಅಪ್ಪಾ. ಬ್ಯಾಡ ಅಂದ್ರ ನಿಮ್ಗ ಏನಾಕ್ಕೈತೋ ಅಂತ.”

ಅವಳ ಮೇಲೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಸ್ವಲ್ಪ ಹಗುರಾಗುತ್ತಿತ್ತೇನೋ. ನಾನೂ ಗಿರಿಜಾಳೂ ಲಕ್ಷ್ಮೇಶ್ವರಕ್ಕೆ ಹೋಗಿ, ತಲೆ ತಗ್ಗಿಸಿ ಕೂತು, ವಿಷಯ ತಿಳಿಸಿ ಬಂದೆವು. ಶಿವಪುತ್ರ ನೆಲ ನೋಡುತ್ತಾ ಆಯಿತು ಎಂದ. ನಾಗರತ್ನಾ ಒಳಗೆ ಹೋದವರು ಹೊರಗೆ ಬರಲಿಲ್ಲ. ಅದಾದ ಮೇಲೆ ಫೋನಿಲ್ಲ. ನಾನೂ ಮಾಡಲಿಲ್ಲ. ಅಷ್ಟು ಒಳ್ಳೆಯ ಗಾಳಿ ಆ ವರ್ಷ ಹಾಗೇ ಬೀಸಿಹೋಯಿತು.

ದೀಪಾವಳಿಯ ನಂತರ ಹುಲಿಗೆಪ್ಪನ ಫೋನ್ ಬಂತು. ನೀರು ಇಳಿಯುತ್ತಿದೆ, ದೋಣಿ ಒಂದು ಕಡೆ ಕೆಸರು ಹಿಡಿದಿದೆ, ಸಾಹುಕಾರರಿಗೂ ಹೇಳಿದ್ದೇನೆ ಎಂದ. ಸಾಹುಕಾರರು ಅಂದರೆ ಶಿವಪುತ್ರ. ನಾನು ಕಾರು ತೆಗೆದುಕೊಂಡು ಹೋದೆ. ದಾರಿಯುದ್ದಕ್ಕೂ ಏನು ಮಾತಾಡಬೇಕು ಎಂದು ಕಲಿತುಕೊಂಡೆ. ಕಾಲೇಜಿನಲ್ಲಿ ಪಾಠಕ್ಕೆ ಇಷ್ಟು ತಯಾರಿ ಮಾಡಿದ್ದರೆ ನಾಲ್ಕು ಹುಡುಗರು ಹೆಚ್ಚಿಗೆ ಪಾಸಾಗುತ್ತಿದ್ದರು.

ಅವನು ನನಗಿಂತ ಮೊದಲೇ ಬಂದಿದ್ದ. ಬಸ್ಸಿನಲ್ಲಿ ಬಂದಿದ್ದನಂತೆ. ಪ್ಯಾಂಟು ಮಡಚಿ ನೀರಲ್ಲಿ ನಿಂತು ದೋಣಿಯ ಒಳಗಿನ ನೀರು ಚೆಲ್ಲುತ್ತಿದ್ದ. ನನ್ನನ್ನು ನೋಡಿ ಕೈ ನಿಲ್ಲಿಸಿದ.

“ಬಂದ್ರೇನ್ರಿ?” ಎಂದ.

ಹೊರಗಿನವರಿಗೆ ಇದರಲ್ಲಿ ಏನೂ ಕಾಣಿಸಲಿಕ್ಕಿಲ್ಲ. ಮರ್ಯಾದೆಯಿಂದ ಮಾತಾಡಿಸಿದ, ಅಷ್ಟೇ ಅಂದೀರಿ. ನಮ್ಮ ಕಡೆಯವರಿಗೆ ಗೊತ್ತು. ಕಾಲೇಜಿನ ದಿನಗಳಿಂದ ಅವನಿಗೆ ನಾನು ‘ಲೇ ಗುರ್‍ಯಾ’. ನನ್ನ ಮದುವೆಯ ಮಂಟಪದಲ್ಲಿ, ನನ್ನ ಅಪ್ಪನನ್ನು ಮಣ್ಣು ಮಾಡಿದ ದಿನ, ನನ್ನ ವಿದ್ಯಾರ್ಥಿಗಳ ಎದುರು ಕೂಡ ‘ಲೇ ಗುರ್‍ಯಾ’. ಆ ‘ರಿ’ ಕೇಳಿದ ಮೇಲೆ ನಾನು ದಾರಿಯಲ್ಲಿ ಕಲಿತದ್ದೆಲ್ಲ ಮರೆತುಹೋಯಿತು. ಹ್ಞೂಂರಿ ಎಂದೆ. ನನ್ನ ಬಾಯಿಂದಲೂ ಅದೇ ಬಂತು.

ಕೆಲಸ ಶುರು ಮಾಡಿದೆವು. ಕೆಲಸಕ್ಕೆ ಮಾತು ಬೇಕಿರಲಿಲ್ಲ. ಕಂಬ ಇಳಿಸಿದೆವು, ಚುಕ್ಕಾಣಿ ಕಳಚಿದೆವು. ಹುಲಿಗೆಪ್ಪ ಟ್ರ್ಯಾಕ್ಟರಿಗೆ ಹಗ್ಗ ಬಿಗಿದು ನಿಧಾನ ಎಳೆದ. ನಾವಿಬ್ಬರೂ ಎರಡು ಬದಿಗೆ ನಿಂತು ಹೆಗಲು ಕೊಟ್ಟೆವು. ಕೆಸರು ಮೊದಲು ಬಿಡಲಿಲ್ಲ. ಆಮೇಲೆ ದೊಡ್ಡದೊಂದು ನಿಟ್ಟುಸಿರಿನಂಥ ಸದ್ದು ಮಾಡಿ ಬಿಟ್ಟಿತು. ಒಮ್ಮೆಗೇ ದೋಣಿ ಮುಂದೆ ಹೋದದ್ದರಿಂದ ನಾನು ಮುಗ್ಗರಿಸಿ ಮಂಡಿಯೂರಿದೆ. ಬೇರೆ ವರ್ಷವಾದರೆ ಶಿವಪುತ್ರ ಊರಿಗೆಲ್ಲ ಕೇಳುವಂತೆ ನಗುತ್ತಿದ್ದ. ಈಗ ಕೈ ಕೊಟ್ಟು ಎಬ್ಬಿಸಿ, ಪೆಟ್ಟು ಹತ್ತಿತೇನ್ರಿ ಎಂದು ಕೇಳಿದ. ಇಲ್ರಿ ಎಂದೆ. ಹುಲಿಗೆಪ್ಪ ಟ್ರ್ಯಾಕ್ಟರಿನ ಮೇಲಿಂದ ನಮ್ಮಿಬ್ಬರ ಮುಖ ನೋಡಿ ಬೇರೆ ಕಡೆ ತಿರುಗಿದ.

ದೋಣಿಯನ್ನು ಮಗ್ಗುಲಾಗಿಸಿದಾಗ ಹೊಟ್ಟೆಯ ತುಂಬ ಪಾಚಿ. ಆ ಸಲ ದೋಣಿ ಕಟ್ಟಿದಲ್ಲೇ ಕೂತಿತ್ತಲ್ಲ, ಹಸಿರು ಕೂದಲಿನಂತೆ ಬೆಳೆದಿತ್ತು. ತೆಂಗಿನ ಚಿಪ್ಪು ಹಿಡಿದು ಕೆರೆದೆವು. ಅವನು ಮುಂದಿನಿಂದ, ನಾನು ಹಿಂದಿನಿಂದ. ನಡುವೆ ಬಂದು ಸೇರಿದಾಗ ಇಬ್ಬರೂ ಸ್ವಲ್ಪ ಜಾಗ ಬಿಟ್ಟು ನಿಂತೆವು. ಆ ಜಾಗದ ಪಾಚಿಯನ್ನು ಯಾರು ಕೆರೆಯಬೇಕು ಎಂದು ತಿಳಿಯದೆ. ಕೊನೆಗೆ ಅವನೇ ಕೆರೆದ. ಹಾಯಿಯನ್ನು ತೊಳೆದು ಜಾಲಿ ಇಲ್ಲದ ಕಡೆ ನೋಡಿ ಹುಲ್ಲಿನ ಮೇಲೆ ಹರವಿದೆವು. ಅದು ಒಣಗುವವರೆಗೆ ಹುಲಿಗೆಪ್ಪನ ಮನೆಯಿಂದ ಬಂದ ರೊಟ್ಟಿ ತಿಂದೆವು. ಹೊಳೆ ಅಲುಗಾಡದೆ ಬಿದ್ದಿತ್ತು.

ಹೊರಟೆವು. ಟ್ರ್ಯಾಕ್ಟರ್ ಮುಂದೆ, ನನ್ನ ಕಾರು ಹಿಂದೆ. ಶಿವಪುತ್ರ ನನ್ನ ಪಕ್ಕ ಕೂತಿದ್ದ. ಟ್ರ್ಯಾಕ್ಟರಿನ ವೇಗದಲ್ಲಿ ಕಾರು ನಡೆಸುವುದೆಂದರೆ ಯಾರದೋ ಹೆಣದ ಹಿಂದೆ ಹೋದಂತೆಯೇ. ನಾನು ಲಕ್ಷ್ಮೇಶ್ವರದ ಬಗ್ಗೆ ಯೋಚಿಸುತ್ತಿದ್ದೆ. ದೋಣಿ ಇಡಲು ಆ ಮನೆಗೆ ಹೋಗಲೇಬೇಕು. ನಾಗರತ್ನಾ ಎದುರು ಬಂದರೆ ಕೈಮುಗಿಯುವುದು. ಬೈದರೆ ಬೈಸಿಕೊಳ್ಳುವುದು. ಬೈಸಿಕೊಂಡರೆ ಸರಿಹೋಗುತ್ತದೆ. ಹೀಗೆ ನನಗೆ ನಾನೇ ಧೈರ್ಯ ಹೇಳಿಕೊಳ್ಳುವಷ್ಟರಲ್ಲಿ ಮುಂಡರಗಿ ಬಂತು. ಶಿರಹಟ್ಟಿಯ ಕಡೆ ತಿರುಗಬೇಕಾದ ಟ್ರ್ಯಾಕ್ಟರ್ ತಿರುಗಲಿಲ್ಲ. ಡಂಬಳದ ರಸ್ತೆ ಹಿಡಿಯಿತು, ಗದಗಿನ ಕಡೆಗೆ. ಹುಲಿಗೆಪ್ಪನಿಗೆ ದಾರಿ ತಪ್ಪಿತೆಂದು ಹಾರ್ನ್ ಹೊಡೆದೆ, ಮತ್ತೆ ಹೊಡೆದೆ.

“ಹೊಡೀಬ್ಯಾಡ್ರಿ,” ಎಂದ ಶಿವಪುತ್ರ. “ನಾನ ಹೇಳೇನಿ ಅವಂಗ. ಈ ಸರ್ತಿ ನಿಮ್ಮಲ್ಲೆ ಇರ್ಲಿ.”

ಅವನು ಕಿಟಕಿಯ ಹೊರಗೆ ನೋಡುತ್ತಿದ್ದ. ಕಪ್ಪು ಎರೆಹೊಲಗಳಲ್ಲಿ ಕಡಲೆ ಆಗಷ್ಟೇ ಮೊಳೆತಿತ್ತು. ಗೋದಾಮಿನಲ್ಲಿ ಜಾಗವಿಲ್ಲವೇ ಎಂದು ಕೇಳಬಹುದಿತ್ತು. ಕೇಳಲಿಲ್ಲ. ಆ ಗೋದಾಮಿನಲ್ಲಿ ಎಷ್ಟು ಜಾಗ ಇದೆ ಎಂದು ನನಗೆ ಗೊತ್ತಿತ್ತು.

ಬೆಟಗೇರಿಯ ನಮ್ಮ ಮಗ್ಗದ ಶೆಡ್ಡು ಖಾಲಿಯಾಗಿ ಎಷ್ಟೋ ವರ್ಷವಾಗಿದೆ. ಮಗ್ಗಗಳನ್ನು ಅಪ್ಪನ ಕಾಲದಲ್ಲೇ ಮಾರಿದೆವು. ನೇಯುವವರು ಕಾಲಿಳಿಬಿಟ್ಟು ಕೂರುತ್ತಿದ್ದ ಕುಣಿಗಳು ಮಾತ್ರ ನೆಲದಲ್ಲಿ ಹಾಗೇ ಇವೆ. ಕುಣಿಗಳನ್ನು ಬಿಟ್ಟು ಹಳೆಯ ಟಯರು ಜೋಡಿಸಿ ದೋಣಿಯನ್ನು ಬೋರಲು ಇಳಿಸಿದೆವು. ಹುಲಿಗೆಪ್ಪ ಚಹಾ ಕುಡಿದು ಹೊರಟ. ಗಿರಿಜಾ ಒಳಗೆ ಬನ್ನಿ ಎಂದು ಶಿವಪುತ್ರನನ್ನು ಎರಡು ಸಲ ಕರೆದಳು. ಕೆಸರಾಗಿದೆ ತಂಗಿ, ಇಲ್ಲೇ ಇರ್ತೇನೆ ಅಂದ. ಆಗ ಅವನ ಚಹಾ ತಂದವಳು ಸ್ಮಿತಾ. ಬರುತ್ತಾಳೆಂದು ನಾನು ಎಣಿಸಿರಲಿಲ್ಲ. ಅವನು ಕಪ್ಪು-ಬಸಿಯನ್ನು ಎರಡೂ ಕೈಯಿಂದ ತೆಗೆದುಕೊಂಡ. ಕಾಲೇಜು ಸುರುವಾತೇನವಾ ಎಂದು ಕೇಳಿದ. ಹ್ಞೂಂ ಕಾಕಾ ಎಂದಳು. ಅವನು ಅವಳ ತಲೆಯ ಮೇಲೆ ಕೈ ಇಡಲು ಎತ್ತಿ, ಕೈ ಕೊಳೆಯಾಗಿದ್ದು ನೋಡಿ ಹಿಂದೆಗೆದುಕೊಂಡ. ಅವಳು ಒಳಗೆ ಹೋದಳು.

ಉಳಿದದ್ದು ಹಾಯಿ. ಹಾಯಿಯನ್ನು ಒಬ್ಬನೇ ಮಡಚಲು ಬರುವುದಿಲ್ಲ. ಹೇಗೆಂದರೆ ಹಾಗೆ ಮುದ್ದೆ ಮಾಡಿಟ್ಟರೆ ಸುಕ್ಕಿನಲ್ಲೇ ಸೀಳುತ್ತದೆ. ಅವನು ಒಂದು ತುದಿ ಹಿಡಿದ, ನಾನೊಂದು. ಕೆಳಗಿನಿಂದ ಅಗಲವಾದ ಮಡಿಕೆ ಹಾಕುತ್ತಾ, ನಡುನಡುವೆ ಬೇವಿನೆಲೆ ಉದುರಿಸುತ್ತಾ ಉದ್ದನೆಯ ಪಟ್ಟಿ ಮಾಡಿದೆವು. ಆಮೇಲೆ ಇಬ್ಬರೂ ಎರಡು ಕೊನೆ ಹಿಡಿದು ಒಬ್ಬರ ಕಡೆ ಒಬ್ಬರು ನಡೆದು ಬರಬೇಕು. ಬಂದೆವು. ಕೈಗೆ ಕೈ ತಾಗಿತು. ಇಷ್ಟು ಹತ್ತಿರದಿಂದ ಆ ದಿನ ಅವನ ಮುಖ ನೋಡಿದ್ದು ಅದೇ ಮೊದಲು. ಕ್ಷೌರ ಮಾಡಿರಲಿಲ್ಲ. ಗದ್ದದ ಮೇಲೆ ಒಣಗಿದ ಪಾಚಿ ಇತ್ತು.

“ಲೇ ಗುರ್‍ಯಾ,” ಎಂದ. “ಹುಡಿಗಿದು ತಪ್ಪಿಲ್ಲಲೇ. ನಮ್ಮ ಮಹೇಶನೂ, ಚಲೋ ಆತು ಬಿಡಪಾ ಅಂದ.”

ಮಡಚಿದ ಹಾಯಿಯ ನಾಲ್ಕೂ ಮೂಲೆ ನಮ್ಮಿಬ್ಬರ ಕೈಯಲ್ಲಿದ್ದವು.

“ನಮ್ಮಾಕೀಗೆ ತಡಕೊಳ್ಳಾಕ ಆಗವಲ್ದು. ಬಳಗದಾಗ ಮಾರಿ ತೋರಿಸ್ಲಾರದಂಗ ಆಗೇತಿ ಅಕೀಗೆ. ನಿನ್ನ ಹೆಸರು ಬಂದ್ರ ಉಣ್ಣೂದು ಬಿಟ್ಟು ಏಳ್ತಾಳ. ಇವತ್ತ ಮುಂಡರಗಿ ಸಂತಿಗೆ ಹೊಂಟೇನಿ ಅಂತ ಸುಳ್ಳ ಹೇಳಿ ಬಂದೇನಿ.”

“ನಾ ಬಂದು ಅವರ ಕಾಲ ಹಿಡೀತೇನಿ,” ಎಂದೆ.

“ಬ್ಯಾಡ. ನೀ ಬಂದ್ರ ಅಕಿ ಮತ್ತಿಷ್ಟು ಒಳಗ ಹೋಗ್ತಾಳ. ನಾ ನೋಡೇನಿ. ಈ ವಯಸ್ಸಿನ್ಯಾಗ ಅಕೀನ್ನ ಒಂಟಿ ಮಾಡಾಕ ನನ್ನ ಕೈಲೆ ಆಗೂದಿಲ್ಲ.”

ದೋಣಿ ಏನು ಮಾಡುವುದು ಅಂತ ಕೇಳಿದೆ. ನಿನ್ನದೇ ಎಂದ. ಒಬ್ಬನ ಕೈಲಿ ಅದು ಆಗುವುದಿಲ್ಲ ಅಂದೆ. ಗೊತ್ತು ಅಂದ. ತನ್ನ ಕೈಯಲ್ಲಿದ್ದ ಮೂಲೆಗಳನ್ನು ಒಂದೊಂದಾಗಿ ನನ್ನ ಬೆರಳುಗಳ ನಡುವೆ ಸೇರಿಸಿ ಬಿಟ್ಟ. ಹಾಯಿ ಇಷ್ಟು ಭಾರವೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಬಸ್ ಸ್ಟ್ಯಾಂಡಿಗೆ ಬಿಡುತ್ತೇನೆ ಎಂದೆ, ಆಟೋ ಸಿಗುತ್ತದೆ ಎಂದು ನಡೆದ. ಗಿರಿಜಾ ಬಾಗಿಲಲ್ಲಿ ಬಂದು ನಿಂತಾಗ ನಾನು ಹಾಯಿಯನ್ನು ಎದೆಗೆ ಅವುಚಿಕೊಂಡು ಅಲ್ಲೇ ಇದ್ದೆ. ಅವಳು ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಹಳೆಯ ಧೋತರದಲ್ಲಿ ಸುತ್ತಿದಳು.

ಸಂಕ್ರಾಂತಿ ಬಂತು, ಯುಗಾದಿ ಬಂತು. ಆಷಾಢದಲ್ಲಿ ಶೆಡ್ಡಿನ ತಗಡುಗಳು ಬಡಿದುಕೊಳ್ಳತೊಡಗಿದಾಗ ನಾನು ಕಿಟಕಿ ಮುಚ್ಚಿ ಮಲಗುತ್ತಿದ್ದೆ. ಮಾರಿಬಿಡೋಣವೇ ಎಂದು ಒಮ್ಮೆ ಗಿರಿಜಾ ಕೇಳಿದಳು. ಅರ್ಧವನ್ನು ಹೇಗೆ ಮಾರುವುದು ಎಂದೆ.

ಮೊನ್ನೆ, ನಾಗರ ಪಂಚಮಿಯಾಗಿ ಎರಡು ವಾರಕ್ಕೆ, ಗದಗಿನ ಪೇಟೆಯಲ್ಲಿ, ಟ್ರ್ಯಾಕ್ಟರ್ ಸಾಮಾನಿನ ಅಂಗಡಿಯ ಮುಂದೆ ಹುಲಿಗೆಪ್ಪ ಸಿಕ್ಕ. ಹೊಸ ಅಂಗಿ ಹಾಕಿದ್ದ. ಚಹಾ ಕುಡಿಸಿದೆ. ಆ ಮಾತು ಈ ಮಾತು ಆಡುತ್ತಾ, ಸಾಹುಕಾರರ ಮನೆಯ ಮದುವೆಗೆ ನೀವು ಕಾಣಲಿಲ್ಲವಲ್ಲ ಅಂದ. ಮಹೇಶನ ಮದುವೆ ಹಿಂದಿನ ವಾರವೇ ಆಗಿತ್ತು, ನನಗೆ ಗೊತ್ತಿರಲಿಲ್ಲ. ಊರಲ್ಲಿ ಇರಲಿಲ್ಲಪ್ಪ ಎಂದೆ. ಅವನು ನಂಬಿದಂತೆ ತಲೆಯಾಡಿಸಿದ. ಊಟ ಚೆನ್ನಾಗಿತ್ತಂತೆ, ಹುಡುಗಿ ಹಾವೇರಿ ಕಡೆಯವಳಂತೆ. ನಾಗರತ್ನಾ ಬಂದವರನ್ನೆಲ್ಲ ತಾವೇ ನಿಂತು ಮಾತಾಡಿಸಿದರಂತೆ. ಅದನ್ನು ಕೇಳಿ ನನಗೆ ನಿಜಕ್ಕೂ ಸಮಾಧಾನವಾಯಿತು.

“ಸಾಹುಕಾರ್ರು ನನ್ನ ಒಂದು ಕಡೆ ಕರದ್ರು ನೋಡ್ರಿ,” ಎಂದ ಹುಲಿಗೆಪ್ಪ. “ಅಷ್ಟು ಮಂದ್ಯಾಗ. ಏನೋ ಕೆಲಸ ಹೇಳ್ತಾರ ಅಂತ ಹ್ವಾದೆ. ಹೊಳಿಗೆ ನೀರು ಎಷ್ಟು ಬಂದೇತೋ ಅಂತ ಕೇಳಿದ್ರು. ನಾ ಹೇಳೂದ್ರಾಗ ಯಾರೋ ಬೀಗ್ರು ಬಂದ್ರು, ಹ್ವಾದ್ರು.”

ಅವನು ಬಸಿಯಲ್ಲಿ ಉಳಿದ ಚಹಾ ಕುಡಿದು ಬಾಯಿ ಒರೆಸಿಕೊಂಡ. ರಸ್ತೆಯ ಧೂಳನ್ನು ಗಾಳಿ ಎತ್ತಿ ತಂದು ಅಂಗಡಿಯೊಳಗೆ ಸುರಿಯುತ್ತಿತ್ತು. ಎಷ್ಟು ಬಂದಿದೆ ಎಂದು ನಾನು ಕೇಳಿದೆ.

“ತುಂಬೇತ್ರಿ,” ಎಂದ. “ದಂಡಿ ಮುಟ್ಟೇತಿ.”